ಮಂಡಿಗೆ ಮೊದಲ ಕೈ

ಅಂದು ಬೆಳಗ್ಗೆ ಇಬ್ಬನಿ ಬಿದ್ದಿರಲಿಲ್ಲ. ಮಾಗಿಯ ನಡುವೆ ಇಬ್ಬನಿಯಿಲ್ಲದ ಬೆಳಗು ಬಂದರೆ ನಮ್ಮೂರಿನ ಜನ ಬಾಗಿಲು ತೆರೆದು ಒಂದು ಗಳಿಗೆ ಹೊಸ್ತಿಲಲ್ಲೇ ನಿಂತುಬಿಡುತ್ತಾರೆ, ಏನೋ ಮರೆತವರ ಹಾಗೆ. ಗಾಳಿಯೂ ಇರಲಿಲ್ಲ. ಒಲೆಯ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಆಸ್ಪತ್ರೆಯ ಕಿಟಕಿಯಿಂದ ನೋಡಿದರೆ ಹುಣಸೆಮರದ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಚಳಿ ಮಾತ್ರ ಇತ್ತು, ಒಣ ಚಳಿ. ಅದು ಬಂದು ನನ್ನ ಎಡಗಾಲಿನಲ್ಲಿ, ಮಂಡಿ ಇರಬೇಕಾಗಿದ್ದ ಜಾಗದಲ್ಲಿ ಕೂತಿತ್ತು. ಇರಬೇಕಾಗಿದ್ದ ಜಾಗ ಅಂದೆ, ಯಾಕೆಂದರೆ ಆಗ ಅಲ್ಲಿ ಮಂಡಿ ಇರಲಿಲ್ಲ. ದೇವರು ಕೊಟ್ಟದ್ದು ಸವೆದುಹೋಗಿತ್ತು, ಡಾಕ್ಟರು ಇಟ್ಟದ್ದು ಕೆಟ್ಟುಹೋಗಿತ್ತು. ಎರಡೂ ಇಲ್ಲದ ಆ ಖಾಲಿಯಲ್ಲಿ ಔಷಧಿ ಬೆರೆಸಿದ ಸಿಮೆಂಟಿನ ತುಂಡೊಂದು ತಾತ್ಕಾಲಿಕವಾಗಿ ಬಿಡಾರ ಹೂಡಿತ್ತು. ಅಂದು ಅದನ್ನು ತೆಗೆದು ಮತ್ತೊಂದು ಹೊಸ ಮಂಡಿ ಇಡುವವರಿದ್ದರು.

ನಾನು ಚಿನ್ನಾಜಮ್ಮ, ಈ ಊರಿನ ಸೂಲಗಿತ್ತಿ. ಮಂಡಿಯೂರಿ ಕೂತು ಮಕ್ಕಳನ್ನು ಇಳಿಸಿಕೊಳ್ಳುವುದರಲ್ಲೇ ನನ್ನ ಆಯುಷ್ಯ ಕಳೆಯಿತು. ಸಗಣಿ ಸಾರಿಸಿದ ನೆಲ, ಗಾರೆ ನೆಲ, ಕಡಪಕಲ್ಲಿನ ನೆಲ, ಎಲ್ಲದರ ಗುರುತೂ ನನ್ನ ಮಂಡಿಚಿಪ್ಪುಗಳಿಗಿತ್ತು. ಬಲಗಾಲು ಹೇಗೋ ತಡೆದುಕೊಂಡಿತು. ಎಡಗಾಲು ಸೋತಿತು.

ನಮ್ಮೂರಿನಲ್ಲಿ ಹೊಸದು ಯಾವುದೇ ಆಗಲಿ, ತನ್ನನ್ನು ಮೊದಲು ಮುಟ್ಟಿದ ಕೈಯ ಕಡೆಗೇ ವಾಲುತ್ತದೆ. ಅದಕ್ಕೇ ಕುಂಬಾರ ಸುಟ್ಟ ಮಡಕೆಯನ್ನು ಆವಿಗೆಯಿಂದ ಕೋಲಿನಲ್ಲೆತ್ತಿ ಹುಲ್ಲಿನ ಮೇಲೆ ಇಳಿಸುತ್ತಾನೆ. ಕೊಂಡವಳು ಬಂದು ಕೈಯಿಟ್ಟ ಮೇಲೆ ಅದು ಅವಳ ಮನೆಯ ಮಡಕೆ. ಪಾತ್ರೆ ಅಂಗಡಿಯಲ್ಲಿ ಎಲ್ಲವೂ ಬಟ್ಟೆಯೊಳಗೆ. ಹೊರಗಿನಿಂದ ಬೆರಳಲ್ಲಿ ತಟ್ಟಿ, ಸದ್ದು ಕೇಳಿ ಆರಿಸಿಕೊಳ್ಳಬೇಕು. ನಮ್ಮ ಬೀದಿಯಲ್ಲೊಬ್ಬ ಸೊಸೆ ಕೊಂಡು ತಂದ ಸೌಟನ್ನು ಅತ್ತೆ ಮೊದಲು ಮುಟ್ಟಿದ್ದಕ್ಕೆ, ಸೊಸೆ ಯಾರಿಗೆ ಬಡಿಸಲು ಹೋದರೂ ತಳದ ಹೋಳೆಲ್ಲ ಅತ್ತೆಯ ತಟ್ಟೆಗೇ ಬೀಳುತ್ತದೆ. ಇನ್ನೊಂದು ಮನೆಯಲ್ಲಿ ಹೊಸ ಬಾಗಿಲು ಕೂರಿಸಿದ ದಿನ ದೂರದೂರಿನ ನೆಂಟ ತಿಳಿಯದೆ ಅದಕ್ಕೆ ಒರಗಿ ನಿಂತುಬಿಟ್ಟ. ಮಳೆಗಾಲದಲ್ಲಿ ಬಾಗಿಲು ಬಿಗಿದಾಗಲೆಲ್ಲ ಆತನಿಗೆ ಹೇಳಿಕಳಿಸಬೇಕು. ಆತ ಬಂದು, ಉಂಡು, ಒಂದು ಸಲ ತಳ್ಳಿ, ಎಲೆಅಡಿಕೆ ಹಾಕಿಕೊಂಡು ಹೋಗುತ್ತಾನೆ. ಇದರಿಂದ ಯಾರಿಗೂ ಬೇಸರವಿಲ್ಲ. ಬಾಗಿಲ ನೆಪದಲ್ಲಿ ನೆಂಟಸ್ತಿಕೆ ಉಳಿದಿದೆ ಎನ್ನುತ್ತಾರೆ.

ನಮ್ಮೂರ ದೇವಿಯನ್ನು ಮೊದಲು ಮುಟ್ಟಿದ್ದು ಮಳೆ. ಗುಡ್ಡದ ಮಣ್ಣು ಜರಿದು ಅವಳ ಕಲ್ಲು ಹೊರಬಿದ್ದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅವಳು ಮಳೆಯ ಮಾತು ಮಾತ್ರ ಕೇಳುತ್ತಾಳೆ. ಹರಕೆ ಹೊರುವವರು ಮುಂಗಾರಿನವರೆಗೆ ಕಾಯುತ್ತಾರೆ. ಬೇಸಿಗೆಯಲ್ಲಿ ನಾವು ಅವಳನ್ನು ಏನೂ ಕೇಳುವುದಿಲ್ಲ, ಸುಮ್ಮನೆ ಎದುರು ಕೂತು ಬರುತ್ತೇವೆ. ಕೇಳುವುದಕ್ಕೇನೂ ಇಲ್ಲದೆ ದೇವರ ಮುಂದೆ ಕೂರುವುದು ಎಷ್ಟು ಹಗುರ ಎಂಬುದು ಬೇರೆ ಊರಿನವರಿಗೆ ಗೊತ್ತಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಈ ರೀತಿ ಬಹಳ ಸೂಕ್ಷ್ಮದ್ದು. ಕೂಸು ಹೊರಬಿದ್ದಾಗ ಅದನ್ನು ಯಾರ ಕೈ ಮೊದಲು ಮುಟ್ಟುತ್ತದೋ ಕೂಸಿನ ಬದುಕೆಲ್ಲ ಆ ಕಡೆಗೇ. ಅದಕ್ಕಾಗಿ ಸೂಲಗಿತ್ತಿಯಾದವಳು ಬಾಳೆಯ ಕುಡಿಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಎರಡೂ ಅಂಗೈ ಮೇಲೆ ಹಾಸಿಕೊಂಡು, ಕೂಸನ್ನು ಎಲೆಯ ಮೇಲೇ ಇಳಿಸಿಕೊಳ್ಳಬೇಕು. ಎಲೆಯಿಂದ ನೇರ ತಾಯಿಯ ಎದೆಗೆ. ನನ್ನ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದರಿಂದ ಎಲೆಯ ಮೇಲಿದ್ದ ನನ್ನನ್ನು ಇಸಿದುಕೊಳ್ಳಲು ತಾಯಿಯ ಕೈಗಳಿರಲಿಲ್ಲವಂತೆ. ಅಂದಿನ ಸೂಲಗಿತ್ತಿ ಹೊಂಬಾಳಮ್ಮ ಎಂಬ ಮುದುಕಿ ಕಾದು ಕಾದು, ಕೊನೆಗೆ ಎಲೆಯನ್ನು ಸರಿಸಿ ತಾನೇ ಮುಟ್ಟಿದಳಂತೆ. ಅಪ್ಪ ನನ್ನನ್ನು ಚೆನ್ನಾಗಿಯೇ ಸಾಕಿದ. ಆದರೆ ನಡೆಯಲು ಬಂದ ದಿನದಿಂದ ನಾನು ಹೋದದ್ದು ಹೊಂಬಾಳಮ್ಮನ ಹಿಂದೆ. ಅವಳು ಹೋದಲ್ಲೆಲ್ಲ ಹೋಗಿ ಅವಳ ಕಸುಬು ನನ್ನದಾಯಿತು. ಅವಳು ಸತ್ತ ಮೇಲೆ ನನ್ನ ಬದುಕು ಯಾವ ಕಡೆಗೂ ವಾಲದೆ ನೆಟ್ಟಗೆ ನಿಂತುಬಿಟ್ಟಿತು.

ನನಗೆ ಮದುವೆಯಾಯಿತು, ಮಕ್ಕಳಾಗಲಿಲ್ಲ. ಗಂಡ ಒಳ್ಳೆಯವನು, ಬೇಗ ಹೋದ. ಈ ಊರಿನ ಅರ್ಧ ಜನ ನನ್ನ ಅಂಗೈ ಮೇಲಿಂದ ಹಾದುಹೋದವರು. ಬೀದಿಯಲ್ಲಿ ಕಂಡರೆ ಅಜ್ಜಿ ಅನ್ನುತ್ತವೆ, ಬೆಲ್ಲ ಕೊಟ್ಟರೆ ಇಸಿದುಕೊಳ್ಳುತ್ತವೆ, ಇಸಿದುಕೊಂಡು ಅಮ್ಮನ ಹತ್ತಿರ ಓಡುತ್ತವೆ. ಓಡಲೇಬೇಕು, ಹಾಗೆ ಓಡಲೆಂದೇ ನಾನು ಎಲೆ ಹಾಸಿದ್ದು. ಆದರೂ ಎಲೆಯ ಮೂಲಕ ಬರುವ ಆ ಬಿಸಿ ಇದೆಯಲ್ಲ, ಹಸಿ ಮೈಯ ಬಿಸಿ, ಅದು ಅಂಗೈಯವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಆಮೇಲೆ ಎಷ್ಟು ಹೊತ್ತಾದರೂ ನನ್ನ ಕೈ ಆರುತ್ತಿರಲಿಲ್ಲ. ಮನೆಗೆ ಬಂದು ತಣ್ಣೀರಿನ ಹಂಡೆಯಲ್ಲಿ ಕೈ ಇಳಿಬಿಟ್ಟು ಕೂರುತ್ತಿದ್ದೆ.

ಮೊದಲ ಸಲ ಮಂಡಿ ಹಾಕಿಸಿಕೊಂಡದ್ದು ಹಳೆಯ ಡಾಕ್ಟರ ಕಾಲದಲ್ಲಿ. ಅವರು ಇದೇ ಊರಿನವರು, ಊರಿನ ರೀತಿ ಬಲ್ಲವರು. ಅವರ ಹತ್ತಿರ ಮಂಡಿ, ಸೊಂಟ ಹಾಕಿಸಿಕೊಂಡವರೆಲ್ಲ ತಮ್ಮ ಲೋಹವನ್ನು ಆಪರೇಷನ್ನಿಗೆ ಮೊದಲು ತಾವೇ ಮುಟ್ಟುತ್ತಿದ್ದರು. ಇಲ್ಲದಿದ್ದರೆ ಕಾಲು ಡಾಕ್ಟರ ಮಾತು ಕೇಳುತ್ತದೆ ಎಂಬ ಭಯ. ಗುಡ್ಡಯ್ಯ ಎಂಬುವನು ಬೇರೆ ಊರಿನಲ್ಲಿ, ಯಾರೋ ಮುಟ್ಟಿದ ಮಂಡಿ ಹಾಕಿಸಿಕೊಂಡು ಬಂದ. ಅವನು ಗದ್ದೆಗೆ ಹೊರಟರೂ ಎಡಗಾಲು ಬಸ್ ಸ್ಟ್ಯಾಂಡಿನ ಕಡೆಗೇ ಎಳೆಯುತ್ತದೆ ಎಂದು ಜನ ನಗುತ್ತಿದ್ದರು. ಹೀಗಾಗಿ ನನಗೂ ಅರಿಸಿನದ ನೀರಿನಲ್ಲಿ ಕೈ ತೊಳೆಸಿ, ತಟ್ಟೆಯಲ್ಲಿ ಆ ಲೋಹವನ್ನು ತಂದು ಎದುರಿಗಿಟ್ಟರು. ನಾನು ಬಲಗೈ ಇಟ್ಟೆ. ತಣ್ಣಗಿತ್ತು, ನುಣ್ಣಗಿತ್ತು. ಹಸುಗೂಸಿನ ತಲೆಯ ಹಾಗೆ ಅಂಗೈ ತುಂಬ ಕೂತಿತು. ಅಲ್ಲಿಯವರೆಗೆ ಏನನ್ನೂ ನಾನು ಹಾಗೆ ಮುಟ್ಟಿರಲಿಲ್ಲ. ಮಡಕೆ, ಸೌಟು ಮುಟ್ಟಿದ್ದೆ. ಮೈಯೊಳಗೆ ಬಂದು ಇರುವಂಥದ್ದನ್ನು ಮುಟ್ಟಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಡಾಕ್ಟರು ಹೆದರಬೇಡಿ ಎಂದರು. ಹೆದರಿಕೆಯಾಗಿರಲಿಲ್ಲ ಅದು.

ಕೆಲವು ತಿಂಗಳು ಚೆನ್ನಾಗಿ ನಡೆದೆ. ಆಮೇಲೆ ಮಂಡಿ ಬಿಸಿಯಾಗತೊಡಗಿತು. ಮಲಗಿದ್ದಾಗಲೂ ನೋವು. ಹೊಲಿಗೆಯ ಪಕ್ಕದಲ್ಲೊಂದು ಸಣ್ಣ ಬಾಯಿ ತೆರೆದು ನೀರು ಜಿನುಗಿತು. ಮಾತ್ರೆ ನುಂಗಿದಷ್ಟು ದಿನ ನಿಲ್ಲುವುದು, ಬಿಟ್ಟರೆ ಮತ್ತೆ ಶುರು. ಅಷ್ಟರಲ್ಲಿ ಹಳೆಯ ಡಾಕ್ಟರು ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದವರು ಡಾಕ್ಟರ್ ಇನಾಯತ್. ಹೊರಗಿನವರು, ಮಾತಿಗೆ ಮೊದಲು ನಗುವವರು. ನನ್ನ ಮಂಡಿ ನೋಡಿದ ದಿನ ಮಾತ್ರ ನಗಲಿಲ್ಲ.

"ಅಮ್ಮಾ, ಇದನ್ನ ತೆಗೀಬೇಕಾಗುತ್ತೆ," ಎಂದರು.

"ತೆಗೆಯೋದಾ? ನನ್ನ ಕೈಯಾರೆ ಮುಟ್ಟಿದ್ದು ಸ್ವಾಮಿ ಅದು. ನನ್ನ ಬಿಟ್ಟು ಎಲ್ಲಿಗೋಗುತ್ತೆ?"

ಅವರು ಸ್ಟೂಲು ಎಳೆದುಕೊಂಡು ಕೂತರು. "ನಿಮ್ಮನೆ ನೀರಿನ ತೊಟ್ಟಿ ಒಳಗಡೆ ಗೋಡೆಗೆ ಯಾವಾಗ್ಲಾದ್ರೂ ಕೈ ಹಾಕಿದೀರಾ?"

"ಲೋಳೆ. ಜಾರುತ್ತೆ."

"ಬರೀ ನೀರು ಸುರಿದ್ರೆ ಹೋಗುತ್ತಾ?"

"ಎಲ್ಲಿ ಹೋಗುತ್ತೆ? ತೆಂಗಿನ ನಾರಲ್ಲಿ ಉಜ್ಜಬೇಕು."

"ನಿಮ್ಮ ಮಂಡಿ ಮೇಲೂ ಅಂಥದ್ದೇ ಕೂತಿದೆ. ನಮ್ಮೆಲ್ಲರ ಅಂಗೈ ಮೇಲೂ ಕಣ್ಣಿಗೆ ಕಾಣದ ಜೀವಗಳಿರ್ತವೆ. ಕೈ ಮೇಲಿದ್ದಾಗ ಅವು ಪಾಪದವು, ಯಾರ ತಂಟೆಗೂ ಬರಲ್ಲ. ಆದ್ರೆ ಮೈಯೊಳಗಿನ ಲೋಹದ ಮೇಲೆ ಹೋಗಿ ಕೂತ್ರೆ ಒಂದನ್ನೊಂದು ಕರ್ಕೊಂಡು, ಲೋಳೆ ಹೊದ್ಕೊಂಡು, ಒಕ್ಕಲು ಹೂಡ್ತವೆ. ಲೋಹಕ್ಕೆ ರಕ್ತ ಹರಿಯಲ್ಲ. ಮಾತ್ರೆ ಆ ಲೋಳೆ ದಾಟಿ ಒಳಗೆ ಹೋಗಲ್ಲ. ಹೊರಗೆ ಬಂದವನ್ನು ಸಾಯಿಸುತ್ತೆ, ಒಳಗಿರೋವು ಹಾಗೇ ಇರ್ತವೆ. ಅಲ್ಲಿ ನಾರು ಹಾಕಿ ಉಜ್ಜೋಕಾಗಲ್ಲಮ್ಮ. ತೊಟ್ಟಿನೇ ತೆಗೀಬೇಕು."

"ಅರಿಸಿನ ಹಾಕಿ ತೊಳ್ಕೊಂಡಿದ್ದೆ."

"ತೊಳ್ಕೊಂಡ್ರೆ ಕಡಿಮೆಯಾಗ್ತವೆ. ಪೂರ್ತಿ ಹೋಗಲ್ಲ."

ನಾನು ಅಂಗೈ ತಿರುಗಿಸಿ ನೋಡಿಕೊಂಡೆ. ಗೆರೆಗಳು ಕಂಡವು, ಇನ್ನೇನೂ ಕಾಣಲಿಲ್ಲ.

ಮಂಡಿಯನ್ನು ತೆಗೆದರು. ಒಳಗೆಲ್ಲ ತೊಳೆದು, ಕೆರೆದು, ಔಷಧಿಯ ಸಿಮೆಂಟನ್ನು ಇಟ್ಟರು. ಅದು ಅಲ್ಲಿ ಕೂತು ನಿಧಾನಕ್ಕೆ ಔಷಧಿ ಬಿಡುತ್ತದಂತೆ, ಕೊನೆಯ ಒಕ್ಕಲೂ ಏಳುವವರೆಗೆ. ವಾರಗಟ್ಟಲೆ ಕೈಗೆ ಡ್ರಿಪ್ಪು. ಆಮೇಲೆ ಮನೆಗೆ ಕಳಿಸಿದರು, ಕಂಕುಳಿಗೆ ಎರಡು ಊರುಗೋಲು ಕೊಟ್ಟು. ರಕ್ತ ತೆಗೆದು ನೋಡುತ್ತಿರುತ್ತೇವೆ, ಪೂರ್ತಿ ಹಸನಾದ ಮೇಲೆ ಹೊಸ ಮಂಡಿ ಎಂದರು. ಆಮೇಲೆ ಒಂದು ಮಾತು ಹೇಳಿದರು. ಅವರು ಅದನ್ನು ಮೆಲ್ಲಗೇ ಹೇಳಿದರು, ಆದರೆ ನನ್ನ ಎದೆಯಲ್ಲಿ ಅದು ಜೋರಾಗಿಯೇ ಇಳಿಯಿತು.

"ಇದೂ ಕೆಟ್ರೆ ಮತ್ತೆ ಹಾಕೋಕೆ ಮೂಳೆ ಉಳಿದಿರಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಬೆಸುಗೆ ಹಾಕ್ಬೇಕು. ಕಾಲು ಮಡಚಲ್ಲ. ಕೋಲಿನ ಹಾಗಿರುತ್ತೆ."

ಕಾಲು ಮಡಚದ ಸೂಲಗಿತ್ತಿಯನ್ನು ಯಾರು ಕರೆಯುತ್ತಾರೆ? "ಹೊಸದು ಬಂದ್ರೆ ಕುಕ್ಕರಗಾಲಲ್ಲಿ ಕೂರಬಹುದಾ?" ಎಂದು ಕೇಳಿದೆ. "ಅದು ಬೇಡ. ಸ್ಟೂಲಿನ ಮೇಲೆ ಕೂತು ಬಗ್ಗಬಹುದು," ಎಂದರು. "ಬಿದಿರು ಸ್ಟೂಲು ಇದೆ ನಮ್ಮನೇಲಿ," ಎಂದೆ. ಆಗ ನಕ್ಕರು.

ಹೊಸ ಮಂಡಿಗೆ ಅವರು ನನ್ನನ್ನು ಅಣಿ ಮಾಡಿದ ರೀತಿ ನೋಡಿ ಬೀದಿಯವರಿಗೆಲ್ಲ ತಮಾಷೆ. ಹುಳುಕಾದ ದವಡೆಹಲ್ಲು ಕೀಳಿಸಿದರು. "ನೋವು ಮಂಡಿಗೆ, ಕಿತ್ತಿದ್ದು ಹಲ್ಲು!" ಎಂದು ಎದುರುಮನೆಯವಳು ಹೊಟ್ಟೆ ಹಿಡಿದು ನಕ್ಕಳು. ಹಲ್ಲಿನ ಹುಳುಕು ರಕ್ತದ ದಾರಿ ಹಿಡಿದು ಮಂಡಿಗೆ ಹೋದೀತು ಎಂದು ಡಾಕ್ಟರು ಹೇಳಿದ್ದನ್ನು ಹೇಳಿದರೆ ಇನ್ನೂ ನಕ್ಕಳು. ಸಕ್ಕರೆ ಕಾಯಿಲೆ ಇಳಿಯುವವರೆಗೆ ಅನ್ನ ಕಡಿಮೆ ಮಾಡಿಸಿದರು. ಮೂಗಿಗೆ ಮುಲಾಮು ಹಚ್ಚಿಸಿದರು, ಔಷಧಿಯ ಸೋಪು ಕೊಟ್ಟರು. ಎಲ್ಲ ಆಗಿ ದಿನ ಗೊತ್ತಾದ ಮೇಲೆ ನಮ್ಮನೆ ಬೆಕ್ಕು ಕಣಕಾಲು ಪರಚಿತು. ಕೂದಲೆಳೆಯಷ್ಟು ಗೀರು. ಡಾಕ್ಟರು ಅದನ್ನು ನೋಡಿ, "ಇದು ಮಾಯಲಿ, ಆಮೇಲೆ ಬನ್ನಿ," ಎಂದು ವಾಪಸು ಕಳಿಸಿದರು. ಮನೆಗೆ ಬಂದು ಬೆಕ್ಕಿನೆದುರು ಕೂತು ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಇದೆಲ್ಲವನ್ನೂ ನಾನು ಒಪ್ಪಿಕೊಂಡೆ. ಒಂದನ್ನು ಮಾತ್ರ ಒಪ್ಪಲಾಗಲಿಲ್ಲ. ಈ ಸಲ ಮಂಡಿಯನ್ನು ಯಾರೂ ಮುಟ್ಟುವಂತಿಲ್ಲ ಎಂದರು.

"ಯಾರೂ ಅಂದ್ರೆ?"

"ನೀವೂ ಇಲ್ಲ, ನಾನೂ ಇಲ್ಲ. ಎರಡೆರಡು ಗ್ಲೌಸು ಹಾಕ್ಕೊಂಡಿರ್ತೀವಿ. ಒಳಗೆ ಆದಷ್ಟು ಕಡಿಮೆ ಜನ. ಬಾಗಿಲು ತೆಗೆಯಂಗಿಲ್ಲ. ಮಂಡಿ ಇಡೋ ಗಳಿಗೇಲೇ ಅದರ ಕವರು ಬಿಚ್ಚೋದು. ಬಿಚ್ಚಿದ್ದು ನೇರ ನಿಮ್ಮ ಮೂಳೆಗೆ."

"ಹಂಗಾದ್ರೆ ಅದು ಯಾರದ್ದಾಗುತ್ತೆ ಡಾಕ್ಟ್ರೇ?"

"ನಿಮ್ಮ ಮೂಳೆದು."

"ಮೂಳೆಗೇನು ಗೊತ್ತಾಗುತ್ತೆ? ನಾನು ನಿದ್ದೇಲಿರ್ತೀನಿ. ಕೈ ಎಚ್ಚರ ಇದ್ದು ಮುಟ್ಟಿದ್ರೆ ತಾನೇ ನನ್ನದು ಅನ್ನೋದು?"

"ಅದು ನನಗೆ ಗೊತ್ತಿಲ್ಲಮ್ಮ, ನಾನು ಈ ಊರಿನವನಲ್ಲ. ನನಗೆ ಗೊತ್ತಿರೋದು ಇಷ್ಟು. ಹೊಸ ಲೋಹ ಒಳಗೆ ಹೋದ ತಕ್ಷಣ ಒಂದು ಓಟ ಶುರುವಾಗುತ್ತೆ. ನಿಮ್ಮ ಮಾಂಸ, ಮೂಳೆ ಮೊದಲು ಹೋಗಿ ಅಪ್ಪಿಕೊಂಡ್ರೆ ಆ ಕಣ್ಣಿಗೆ ಕಾಣದ ಜೀವಗಳಿಗೆ ಜಾಗ ಇಲ್ಲ. ಅವು ಮೊದಲು ಹೋದ್ರೆ ನಿಮಗೆ ಜಾಗ ಇಲ್ಲ."

"ಅದನ್ನೇ ಅಲ್ವಾ ನಮ್ಮೂರಲ್ಲಿ ತಲೆತಲಾಂತರದಿಂದ ಹೇಳೋದು!"

"ಹೌದು, ನಿಮ್ಮೂರು ಹೇಳೋದು ಸರಿಯಾಗೇ ಇದೆ," ಎಂದರು. "ಆದ್ರೆ ನಿಮ್ಮ ಕೈ ಮೇಲೆ ನೀವೊಬ್ಬರೇ ಇಲ್ಲ."

ಆ ಮಾತು ಕೇಳಿ ತಲೆದೂಗಿ ಬಂದೆ. ತಲೆ ದೂಗಿತು, ಮನಸ್ಸು ದೂಗಲಿಲ್ಲ. ಬದುಕಿನಲ್ಲಿ ಮೊದಲು ನನ್ನದಾದದ್ದು ಒಂದೇ, ಅದನ್ನೂ ಕಿತ್ತು ತೆಗೆದಿದ್ದಾಯಿತು. ಇನ್ನು ಬರುವುದು ಯಾರ ಕೈಯೂ ಇಲ್ಲದ ಅನಾಥ ಲೋಹ. ನನ್ನೊಳಗಿದ್ದೂ ಅದು ನನ್ನ ಗುರುತು ಹಿಡಿಯದೆ ಇರುವುದಾದರೆ, ಕೋಲಿನಂಥ ಕಾಲಿಗೂ ಅದಕ್ಕೂ ಏನು ವ್ಯತ್ಯಾಸ? ದೇವಿಯ ಗುಡಿಗೆ ಆಟೋದಲ್ಲಿ ಹೋಗಿ ಕೂತೆ. ಮಳೆಗಾಲವಾಗಿರಲಿಲ್ಲ, ಕೇಳುವಂತಿರಲಿಲ್ಲ. ಅಂದು ಮಾತ್ರ ಕೇಳದೆ ಕೂರುವುದು ಭಾರವಾಯಿತು.

ಆಸ್ಪತ್ರೆಯ ಆಯಾ ಪುಟ್ಟೀರಮ್ಮ ನನ್ನ ವಾರಿಗೆಯವಳು. ಥಿಯೇಟರಿನ ಉಪಕರಣಗಳ ಕೋಣೆ ಗುಡಿಸಿ ಒರೆಸುವವಳು ಅವಳೇ. ಅವಳ ಮಗನನ್ನು ನಾನೇ ಇಳಿಸಿಕೊಂಡದ್ದು. ಅಂದು ಅವಳ ನಾದಿನಿ ತಾನು ಮೊದಲು ಮುಟ್ಟಬೇಕೆಂದು ಕೈ ಚಾಚಿ ನಿಂತಿದ್ದಳು. ಬಸುರಿಗಿಂತ ಹೆಚ್ಚಿಗೆ ಅವಳೇ ಏದುಸಿರು ಬಿಡುತ್ತಿದ್ದಳು. ನಾನು ಅವಳಿಗೆ ಬೆನ್ನು ಕೊಟ್ಟು ಕೂಸನ್ನು ತಾಯಿಗೇ ಮುಟ್ಟಿಸಿದ್ದೆ. ಅದನ್ನು ಪುಟ್ಟೀರಮ್ಮ ಮರೆತಿರಲಿಲ್ಲ.

"ಏನೇ ಚಿನ್ನಾಜಿ, ಮಂಡಿ ಕಳ್ಕೊಂಡು ಮೋರೆನೂ ಕಳ್ಕೊಂಡ್ಯಾ?" ಎಂದಳು ಒಂದು ದಿನ, ಪರೀಕ್ಷೆಗೆ ರಕ್ತ ಕೊಡಲು ಹೋದಾಗ.

ಹೇಳಿಕೊಂಡೆ. ಅವಳು ಪೊರಕೆ ಗೋಡೆಗೊರಗಿಸಿ, ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದಳು. "ಅಷ್ಟೇನಾ? ಮಂಡಿ ಡಬ್ಬಿ ಹಿಂದಿನ ದಿನವೇ ಬಂದು ನಮ್ಮ ಕೋಣೇಲಿ ಕೂತಿರುತ್ತೆ. ಆವತ್ತು ಬೆಳಗ್ಗೆ ಎಲ್ರೂ ಬರೋಕ್ಮುಂಚೆ ಸೆರಗಲ್ಲಿ ಮುಚ್ಕೊಂಡು ತತ್ತೀನಿ. ಒಂದು ಮೂಲೆ ಕವರು ಸರಿಸಿ ಬೆರಳು ತಾಗಿಸಿಬಿಡು. ಹಂಗೇ ಅಂಟಿಸಿ ಇಟ್ಬಿಡಾಣ. ಯಾರಿಗೆ ಗೊತ್ತಾಗುತ್ತೆ?"

"ಡಾಕ್ಟ್ರು ಬೇಡ ಅಂದವ್ರೆ ಕಣೇ."

"ಡಾಕ್ಟ್ರು ಯಾವೂರೋರು? ಅವ್ರ ಕಾಲೇನು ನಮ್ಮೂರಲ್ಲಿ ನಡೀಬೇಕಾ? ನನ್ನ ಮಗ ಇವತ್ತೂ ಉಣ್ಣೋಕ್ಮುಂಚೆ ನನ್ನ ಮೋರೆ ನೋಡ್ತಾನೆ. ಅದರ ಋಣ ತೀರಿಸೋಕೆ ನಂಗೂ ಒಂದು ದಾರಿ ಬೇಡ್ವಾ?"

ನಾನು ಹೂಂ ಅಂದೆ. ಅಂದು ರಾಗಿ ಅಂಬಲಿ ರುಚಿಸಿತು. ಬಹಳ ದಿನದ ಮೇಲೆ ಕಣ್ತುಂಬ ನಿದ್ದೆ ಬಂತು.

ಕಾಲಿನ ಗೀರು ಮಾಯುವುದನ್ನು ಕಾಯುತ್ತಿದ್ದಾಗ ಹಿಂದಿನ ಬೀದಿಯ ಚಂದ್ರಕಲಾಳಿಗೆ ದಿನ ತುಂಬುವ ಮೊದಲೇ ನೋವು ಬಂತು. ಅವಳ ಗಂಡ ಲಾರಿಯಲ್ಲಿ ದೂರ ಹೋಗಿದ್ದ. ಅತ್ತೆ ಓಡಿಬಂದು, "ಅಕ್ಕಯ್ಯಾ, ಕಾಲಿಲ್ಲದಿದ್ರೂ ಪರವಾಗಿಲ್ಲ, ಕೈ ಐತಲ್ಲ, ಬನ್ನಿ," ಎಂದು ನನ್ನನ್ನೂ ಬಿದಿರು ಸ್ಟೂಲನ್ನೂ ತಳ್ಳುಗಾಡಿಯ ಮೇಲೆ ಹೇರಿಕೊಂಡು ಹೋದಳು. ತರಕಾರಿಯ ಗಾಡಿ ಅದು. ಬೀದಿಯ ಮಕ್ಕಳು ಹಿಂದೆ ಓಡಿಬಂದವು, ಅಜ್ಜಿ ಮಾರಾಟಕ್ಕಿದೆ ಎಂದು ಕೂಗುತ್ತ.

ಸಿಮೆಂಟಿನ ಕಾಲನ್ನು ನೀಡಿಕೊಂಡು ಸ್ಟೂಲಿನ ಮೇಲೆ ಕೂತೆ. ಎಲೆ ಬಾಡಿಸಿಕೊಟ್ಟಳು ಅತ್ತೆ. ಆ ಹುಡುಗಿ ಗಟ್ಟಿಗಿತ್ತಿ, ಹಲ್ಲು ಕಚ್ಚಿ ಹೆತ್ತಳು. ಹೆಣ್ಣುಕೂಸು, ಎಲೆಯ ಮೇಲೆ ಜಾರಿ ಬಂದು ಕೂಗಿತು. ತಲೆಯೆತ್ತಿ ನೋಡಿದರೆ ತಾಯಿಯ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ರಕ್ತ ಹೋಗುತ್ತಿತ್ತು. "ಆಸ್ಪತ್ರೆ ಗಾಡಿ ಕರೆಸು, ಓಡು!" ಎಂದೆ. ಅತ್ತೆ ಬರಿಗಾಲಲ್ಲಿ ಓಡಿದಳು. ಎಲೆಯ ಮೇಲಿದ್ದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಿಂದ ಆ ಹುಡುಗಿಯ ಕಿಬ್ಬೊಟ್ಟೆಯನ್ನು ಒತ್ತಿ ತಿಕ್ಕುತ್ತ ಕೂತೆ. ನಿಧಾನಕ್ಕೆ ಗರ್ಭ ಗಟ್ಟಿಯಾಯಿತು, ರಕ್ತ ಕಡಿಮೆಯಾಯಿತು. ಅವಳಿಗೆ ಮಾತ್ರ ಎಚ್ಚರ ಬರಲಿಲ್ಲ. ಕರೆದೆ, ಕೆನ್ನೆ ತಟ್ಟಿದೆ. ಉಸಿರಿತ್ತು, ಅವಳಿರಲಿಲ್ಲ.

ಮನೆ ಸದ್ದಿಲ್ಲದೆ ಇತ್ತು. ಕೂಸು ಅಳು ನಿಲ್ಲಿಸಿ ತುಟಿ ಚಪ್ಪರಿಸುತ್ತಿತ್ತು. ಎಲೆಯ ಅಂಚಿನಿಂದ ಅದರ ಪುಟ್ಟ ಹಿಮ್ಮಡಿ ಹೊರಬಂದು ನನ್ನ ಹೆಬ್ಬೆರಳಿನ ಹತ್ತಿರ ಇತ್ತು, ಎಷ್ಟು ಹತ್ತಿರವೆಂದರೆ ಅದರ ಬಿಸಿ ಎಲೆಯಿಲ್ಲದೆಯೇ ನನಗೆ ತಾಗುತ್ತಿತ್ತು. ಈ ತಾಯಿ ಏಳದಿದ್ದರೆ? ಇದು ಯಾರ ಕಡೆಗೂ ವಾಲದೆ ಬೆಳೆಯಬೇಕೆ? ನನ್ನ ತಾಯಿಯ ಪಕ್ಕದಲ್ಲಿ ಹೊಂಬಾಳಮ್ಮ ಹೀಗೇ ಕೂತಿದ್ದಳಲ್ಲವೆ? ಮುಟ್ಟಿದರೆ ತಪ್ಪೆಂದು ಯಾರೂ ಹೇಳಲಾರರು. ಬೆರಳನ್ನು ಎಳ್ಳುಕಾಳಿನಷ್ಟು ಸರಿಸಿದರೆ ಸಾಕು, ನಾಳೆ ಬೆಲ್ಲ ಇಸಿದುಕೊಂಡು ಓಡಿಹೋಗದ ಒಂದು ಮಗು ಈ ಊರಲ್ಲಿ ನನಗಿರುತ್ತದೆ. ದೇವಿಯೇ, ಅಷ್ಟು ಆಸೆ ನನಗೆ ಎಂದೂ ಆಗಿರಲಿಲ್ಲ.

ಹೊಂಬಾಳಮ್ಮ ಕಾದಿದ್ದಳು ಎಂಬುದು ನೆನಪಾಯಿತು. ನನ್ನ ತಾಯಿಯ ಉಸಿರು ನಿಂತ ಮೇಲೂ ಅವಳು ಕಾದಿದ್ದಳಂತೆ. ಇಲ್ಲಿ ಉಸಿರಿತ್ತು. ಕೈ ಬೆಚ್ಚಗಿತ್ತು. ಚಾಪೆಯ ಮೇಲೆ ಬಿದ್ದಿದ್ದ ಆ ಹುಡುಗಿಯ ಬಲಗೈಯನ್ನು ಮಣಿಕಟ್ಟು ಹಿಡಿದು ಎತ್ತಿದೆ. ಒದ್ದೆ ಬಟ್ಟೆಯ ಹಾಗೆ ಜೋತಾಡಿತು. ಎಲೆಯನ್ನು ಅವಳ ಪಕ್ಕಕ್ಕೆ ಇಳಿಸಿ, ಅವಳ ಅಂಗೈಯನ್ನು ಕೂಸಿನ ಎದೆಯ ಮೇಲೆ ಮಲಗಿಸಿದೆ. ಬೆರಳುಗಳು ಮಡಚಲಿಲ್ಲ. ಅವಳಿಗೆ ಏನೂ ತಿಳಿಯಲಿಲ್ಲ. ಅದು ಮುಟ್ಟಿದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನನಗೂ ತಿಳಿದಿರಲಿಲ್ಲ. ನಮ್ಮೂರಲ್ಲಿ ಹಾಗೆ ಯಾರೂ ಮಾಡಿ ನೋಡಿರಲಿಲ್ಲ.

ಗಾಡಿ ಬಂತು, ಆಸ್ಪತ್ರೆಗೆ ಹೋದರು, ರಕ್ತ ಏರಿಸಿದರು, ಹುಡುಗಿ ಉಳಿದಳು. ನಾಮಕರಣಕ್ಕೆ ಗಾಡಿ ಕಳಿಸಿ ನನ್ನನ್ನು ಕರೆಸಿಕೊಂಡಳು. ಅಂದು ಮನೆ ತುಂಬ ಹೆಂಗಸರು. ಕೂಸು ಕೈಯಿಂದ ಕೈಗೆ ಹೋಗುತ್ತ ಎಲ್ಲರ ತೊಡೆಯ ಮೇಲೂ ಚೀರುತ್ತಿತ್ತು. ನನ್ನ ತೊಡೆಯ ಮೇಲೂ ಚೀರಿತು. ಮೊದಲ ಕೈ ಆಗಿಹೋದ ಮೇಲೆ ಮುಟ್ಟಲು ಯಾರಿಗೂ ತಡೆಯಿಲ್ಲ, ನಾನೂ ಕೆನ್ನೆ ಮುಟ್ಟಿದೆ. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಚಂದ್ರಕಲಾ ಯಾರಿಗೋ, "ಪಾಯಸಕ್ಕೆ ಏಲಕ್ಕಿ ಹಾಕಿದ್ರಾ?" ಎಂದು ಕೇಳಿದಳು. ಕೂಸನ್ನು ಕರೆದದ್ದಲ್ಲ, ಏಲಕ್ಕಿಯ ಮಾತು. ಕೂಸು ಅಳು ನಿಲ್ಲಿಸಿತು. ಇನ್ನೂ ನಿಲ್ಲದ ಆ ಕತ್ತು ನಡುಗುತ್ತ ನನ್ನ ತೋಳಿನ ಮೇಲೆ ಹೊರಳಿ ಬಾಗಿಲ ಕಡೆಗೆ ತಿರುಗಿತು. ತಿರುಗಿ ಅಲ್ಲೇ ನಿಂತಿತು.

"ನೋಡ್ರೇ, ಅವ್ವನ ದನಿಗೆ ಹೆಂಗ್ ತಿರುಗ್ತು!" ಎಂದು ಯಾರೋ ನಕ್ಕರು. ಎಲ್ಲರೂ ನಕ್ಕರು. ನಾನು ಪಾಯಸದ ಲೋಟ ಕೈಯಲ್ಲಿ ಹಿಡಿದು ಕೂತೇ ಇದ್ದೆ, ಅದು ಆರುವವರೆಗೆ.

ಅದಾದ ಮೇಲೆ ಬಂದ ಬೆಳಗು ಇದು, ಇಬ್ಬನಿಯಿಲ್ಲದ್ದು. ಔಷಧಿಯ ಸೋಪಿನಲ್ಲಿ ಮೈ ತೊಳೆಸಿ, ಹಸಿರು ಅಂಗಿ ತೊಡಿಸಿ, ಮಂಚದ ಮೇಲೆ ಕೂರಿಸಿದ್ದರು. ಪುಟ್ಟೀರಮ್ಮ ಬಂದಳು. ಬಾಗಿಲು ಮುಂದೆ ಮಾಡಿ, ಸೆರಗಿನೊಳಗಿಂದ ಡಬ್ಬಿ ತೆಗೆದು, ಡಬ್ಬಿಯೊಳಗಿಂದ ಗಟ್ಟಿ ಪ್ಲಾಸ್ಟಿಕ್ಕಿನ ಪೊಟ್ಟಣ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಮುಖ ಹೊಳೆಯುತ್ತಿತ್ತು.

"ಬೇಗ ಚಿನ್ನಾಜಿ. ನರ್ಸಮ್ಮ ಬರೋದ್ರೊಳಗೆ. ಈ ಮೂಲೇಲಿ ಉಗುರು ಹಾಕು, ಬಿಡ್ತದೆ."

ಪೊಟ್ಟಣದೊಳಗೆ ಇನ್ನೊಂದು ಪೊಟ್ಟಣ. ಅದರ ಮೂಲಕವೂ ಗುಂಡನೆಯ ಆಕಾರ ಅಂಗೈಗೆ ಸಿಕ್ಕಿತು. ಮೊದಲಿನದಕ್ಕಿಂತ ಕೊಂಚ ದಪ್ಪ. ನನಗಾಗಿಯೇ ಬಂದದ್ದು, ಇನ್ನು ನಾನು ಸಾಯುವವರೆಗೆ ನನ್ನೊಳಗೇ ಇರುವಂಥದ್ದು. ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೆ. ತಣ್ಣಗಿದ್ದದ್ದು ನನ್ನ ಬಿಸಿಗೆ ಬೆಚ್ಚಗಾಗತೊಡಗಿತು. ಮೂಲೆಯಲ್ಲಿ, ಬಿಚ್ಚಲೆಂದು ಬಿಟ್ಟ ಕವರಿನ ನಾಲಿಗೆ ಚೂರು ಮೇಲೆದ್ದಿತ್ತು. ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು, ಅದಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ನಿಂತಿತು. ಎಷ್ಟು ಹೊತ್ತೋ ಕಾಣೆ. ಕಿಟಕಿಯಾಚೆ ಹುಣಸೆಮರದಲ್ಲಿ ಒಂದು ಕಾಗೆ ಕೂಗಿ, ಮತ್ತೆ ಸುಮ್ಮನಾಯಿತು.

"ಏನೇ, ಉಗುರಿಲ್ವಾ? ನಾನು ಬಿಚ್ಚಲಾ?"

"ಬೇಡ."

"ಮತ್ತೆ?"

"ಸ್ವಲ್ಪ ಹೊತ್ತು ಹಿಂಗೇ ಇಟ್ಕೋತೀನಿ ಕಣೆ."

ಪುಟ್ಟೀರಮ್ಮ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನ್ನ ಪಕ್ಕದಲ್ಲೇ ಮಂಚದ ಅಂಚಿನಲ್ಲಿ ಕೂತಳು. ನನ್ನ ಬೆನ್ನ ಮೇಲೆ ಕೈಯಿಟ್ಟಳು. ಇಬ್ಬರು ಮುದುಕಿಯರು ತೊಟ್ಟಿಲು ನೋಡುವವರ ಹಾಗೆ ಅದನ್ನು ನೋಡುತ್ತ ಕೂತೆವು.

ಹೊರಗೆ ಚಪ್ಪಲಿಯ ಸದ್ದಾಯಿತು. ನಾನು ಮೇಲೆದ್ದಿದ್ದ ಕವರಿನ ನಾಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಸಮ ಮಾಡಿದೆ.

"ತಗೊಂಡೋಗು ಪುಟ್ಟೀರಿ," ಎಂದೆ. "ಇದು ನನ್ನೊಳಗಿರೋಳಿಗೆ ಸೇರಬೇಕಾದ್ದು. ಚಂದ್ರಕಲಾ ತನ್ನ ಕೂಸು ಮುಟ್ಟಿದಂಗೆ ಅವಳೂ ನಿದ್ದೇಲೇ ಮುಟ್ಲಿ."

ಅವಳು ಎರಡೂ ಅಂಗೈ ಮೇಲೆ ಸೆರಗು ಹಾಸಿ ಚಾಚಿದಳು. ನಾನು ಅದನ್ನು ಅದರ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ.